ಒಳಗೆನ್ನೆಯ ಕ್ಯಾನ್ಸರ್: ಔಷಧ ಪ್ರಯೋಗಕ್ಕೆ ಸೇರುವ ಮುನ್ನ ಏನು ಕೇಳಬೇಕು?

ಕೋರಿಕೆ: ನಮ್ಮ ತಂದೆಯವರಿಗೆ ಒಳಗೆನ್ನೆಯ ಕ್ಯಾನ್ಸರ್ ಮರುಕಳಿಸಿದ್ದು, ಬೆಂಗಳೂರಿನ ವೈದ್ಯರು ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ) ಔಷಧದ ಪ್ರಯೋಗವೊಂದಕ್ಕೆ ಸೇರಿಸಬಹುದೆಂದಿದ್ದಾರೆ. ಟಾನ್ಸಿಲ್ ಕ್ಯಾನ್ಸರ್ ಆಗಿದ್ದ ನಮ್ಮ ಬಂಧುವೊಬ್ಬರು ಅಮೆರಿಕದಲ್ಲಿ ಇಂಥದೇ ಔಷಧದಿಂದ ಚೇತರಿಸಿಕೊಂಡರು. ನಾವೂ ಅದೇ ಫಲವನ್ನು ನಿರೀಕ್ಷಿಸಬಹುದೇ?

ಉತ್ತರ 1: ನಮ್ಮ ಯಜಮಾನರಿಗೆ ನಾಲಿಗೆಯ ಕ್ಯಾನ್ಸರ್ ಆದಾಗ ನಮ್ಮನ್ನೂ ಈ ಪ್ರಶ್ನೆ ಕಾಡಿತ್ತು. ತಮ್ಮ ಬಂಧುವಿನ ಫಲಿತಾಂಶವನ್ನು ದಯವಿಟ್ಟು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ವೈರಸ್ಸಿನಿಂದ ಬರುತ್ತದೆ; ನಮ್ಮಲ್ಲಿ ಒಳಗೆನ್ನೆಯ ಕ್ಯಾನ್ಸರಿಗೆ ಹೊಗೆಸೊಪ್ಪು, ಗುಟ್ಕಾ, ಅಡಿಕೆಗಳೇ ಮುಖ್ಯ ಕಾರಣ. ಎಚ್‌ಪಿವಿ ಇರುವ ಗಂಟಲಿನ ಕ್ಯಾನ್ಸರ್ ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಮಣಿಯುವುದರಿಂದ, 2018ರಿಂದ ಅದರ ಹಂತಗಳನ್ನು ಬೇರೆಯಾಗಿಯೇ ಗುರುತಿಸುತ್ತಾರೆ. ಹಾಗಿದ್ದೂ ಆ ಗುಂಪಿನಲ್ಲಿ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧದ ಬದಲು ಸೌಮ್ಯವೆಂದು ನಂಬಿದ್ದ ಸೆಟುಕ್ಸಿಮ್ಯಾಬ್ ಎಂಬ ಔಷಧವನ್ನು ರೇಡಿಯೇಷನ್ ಜೊತೆ ಕೊಟ್ಟು ನೋಡಿದ ಆರ್‌ಟಿಒಜಿ 1016 ಪ್ರಯೋಗದಲ್ಲಿ ಬದುಕುಳಿದವರ ಪ್ರಮಾಣ ಕಡಿಮೆಯಾಯಿತು.

ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧದ ಕುರಿತ ಕೀನೋಟ್-048 ಪ್ರಯೋಗದಲ್ಲಿ ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ರೋಗಿಗಳು ಒಟ್ಟಿಗಿದ್ದರು. ಅಲ್ಲಿ ಗಡ್ಡೆಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ಎಷ್ಟಿದೆಯೆಂದು ತೋರಿಸುವ ಅಂಕ, ಅಂದರೆ ಸಿಪಿಎಸ್, 1 ಅಥವಾ ಹೆಚ್ಚಿದ್ದವರಲ್ಲಿ ಹಳೆಯ ಚಿಕಿತ್ಸಾ ಕ್ರಮದಡಿ 10.3 ತಿಂಗಳಿದ್ದ ಬದುಕಿನ ಅವಧಿಯ ಮಧ್ಯಾಂಕ (ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) ಈ ಔಷಧವೊಂದರಿಂದಲೇ 12.3 ತಿಂಗಳಾಯಿತು. ಆದ್ದರಿಂದ ಬಯಾಪ್ಸಿಯ ಸಿಪಿಎಸ್ ಎಷ್ಟೆಂದು ಮೊದಲು ಕೇಳಿ. ಹಿಂದಿನ ಕೀಮೋ-ರೇಡಿಯೇಷನ್ ಯಾವಾಗ ಮುಗಿಯಿತೆಂಬುದೂ ಮುಖ್ಯ: ಆರು ತಿಂಗಳೊಳಗೆ ಮರುಕಳಿಸಿದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ.

ಉತ್ತರ 2: ಮೇಲಿನವರ ಮಾತಿಗೆ ಒಂದಷ್ಟು ಸೇರಿಸುವೆ. ನಮ್ಮ ದೊಡ್ಡಪ್ಪನವರ ಸಲುವಾಗಿ ಓದಿದವುಗಳಲ್ಲಿ ನಮಗೆ ಹೆಚ್ಚು ಹತ್ತಿರವೆನಿಸಿದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನ. ಮಾತ್ರೆಗಳ ಚಿಕಿತ್ಸೆಯ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಕೊಟ್ಟಾಗ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತೆಂದು 2022ರಲ್ಲಿ ಪ್ರಕಟವಾಯಿತು. ತಮಗೆ ಹೇಳಿರುವ ಪ್ರಯೋಗದಲ್ಲಿ ಬಾಯಿ ಕ್ಯಾನ್ಸರಿನವರನ್ನು ಪ್ರತ್ಯೇಕವಾಗಿ ಲೆಕ್ಕಹಾಕುತ್ತಾರೆಯೇ, ಹೋಲಿಕೆಯ ಗುಂಪಿಗೆ ಬಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ ಎಂದು ವಿಚಾರಿಸಿ. ಸಿಟಿಆರ್‌ಐ (ಭಾರತದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ಅಧಿಕೃತ ದಾಖಲೆ) ನೋಂದಣಿ ಸಂಖ್ಯೆಯನ್ನೂ ಕೇಳಿ ಪಡೆದು, ಒಪ್ಪಿಗೆ ಪತ್ರದ ಕನ್ನಡ ಪ್ರತಿಯನ್ನು ಮನೆಗೆ ತಂದು ತಂದೆಯವರೊಂದಿಗೆ ಓದಿದ ಮೇಲೆಯೇ ಸಹಿ ಹಾಕಿಸಿ.