ಕೆನಡಾ: ನಿರಾಶ್ರಿತರ ಮೇಲ್ಮನವಿಯೂ ವಜಾ ಆದರೆ ಫೆಡರಲ್ ಕೋರ್ಟ್ ದಾರಿ ಹೇಗೆ?

ಪ್ರಶ್ನೆ: ನಿರಾಶ್ರಿತರ ಮೇಲ್ಮನವಿ ವಿಭಾಗವೂ ನನ್ನ ಆಶ್ರಯದ ಅರ್ಜಿ ತಿರಸ್ಕರಿಸಿದೆ. ಕೋರ್ಟಿಗೆ ಹೊಸ ದಾಖಲೆ ಕೊಡಬಹುದೇ? ಅಲ್ಲಿಯವರೆಗೆ ಗಡೀಪಾರು ನಿಲ್ಲುತ್ತದೆಯೇ?

ಉತ್ತರ 1: ಮೊದಲು ಗಡುವು ನೋಡಿ. ಆದೇಶ ಕೈಸೇರಿದ 15 ದಿನದೊಳಗೆ ಫೆಡರಲ್ ಕೋರ್ಟಿಗೆ ಅನುಮತಿ ಅರ್ಜಿ (ಆದೇಶವನ್ನು ಪರಿಶೀಲಿಸಲು ಕೋರ್ಟ್ ಒಪ್ಪಲಿ ಎಂಬ ಕೋರಿಕೆ) ಹಾಕಬೇಕು, ಶುಲ್ಕ 50 ಡಾಲರ್. ನೇರ ವಿಚಾರಣೆ ಇಲ್ಲ, ಮೊದಲು ನ್ಯಾಯಾಧೀಶರು ಕಡತ ನೋಡಿ ಅನುಮತಿ ಕೊಡಬೇಕು. ಕೊಡದಿದ್ದರೆ ಅದರ ಮೇಲೆ ಅಪೀಲೂ ಇಲ್ಲ. ಸಾಮಾನ್ಯವಾಗಿ ಹೊಸ ಸಾಕ್ಷ್ಯ ನಡೆಯದು, ಮೇಲ್ಮನವಿ ವಿಭಾಗದ ಮುಂದಿದ್ದ ಕಡತವೇ ಆಧಾರ.

ಉತ್ತರ 2: ಗಡುವಿನೊಳಗೆ ಅರ್ಜಿ ಹಾಕಿದರೆ ಗಡೀಪಾರಿಗೆ ತಡೆ ಬಹುತೇಕ ಪ್ರಕರಣಗಳಲ್ಲಿ ತಾನಾಗೇ ಸಿಗುತ್ತದೆ. ಆದರೆ ಗಡುವು ಮೀರಿ ಕಾಲಾವಕಾಶ ಕೇಳಿದಿರೋ, ಆ ರಕ್ಷಣೆ ಹೋಯಿತು. ತಡೆಗಾಗಿ ಪ್ರತ್ಯೇಕವಾಗಿ ಕೋರ್ಟಿಗೆ ಮೊರೆಯಿಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಉತ್ತರ 3: ‘ನನ್ನ ಮಾತು ನಿಜ, ಅವರು ನಂಬಲಿಲ್ಲ’ ಎಂದು ಪುಟಗಟ್ಟಲೆ ಬರೆದರೆ ಪ್ರಯೋಜನವಿಲ್ಲ. ಕೆನಡಾ ಸುಪ್ರೀಂ ಕೋರ್ಟಿನ 2019ರ ವಾವಿಲೋವ್ ತೀರ್ಪಿನ ಪ್ರಕಾರ ಫೆಡರಲ್ ಕೋರ್ಟ್ ನೋಡುವುದು ಆದೇಶ ತರ್ಕಬದ್ಧವೇ ಎಂದು. ಯಾವ ಮುಖ್ಯ ಸಾಕ್ಷ್ಯವನ್ನು ಕಡೆಗಣಿಸಿದ್ದಾರೆ, ಯಾವ ಪ್ಯಾರಾದಲ್ಲಿ ಕಾರಣವೇ ಇಲ್ಲ, ಅದನ್ನು ಬೊಟ್ಟು ಮಾಡಿ. ಗೆದ್ದರೂ ಕೋರ್ಟ್ ತಾನೇ ಆಶ್ರಯ ಕೊಡುವುದು ತೀರಾ ಅಪರೂಪ. ಸಾಮಾನ್ಯವಾಗಿ ಮೇಲ್ಮನವಿ ವಿಭಾಗದ ಬೇರೊಬ್ಬ ಸದಸ್ಯರು ಮರುಪರಿಶೀಲಿಸುತ್ತಾರೆ.