ಕ್ಲಚ್ ‘ಹಿಡಿ’ಯುವುದು ಯಾವುದು, ಕಾಲೋ ಪ್ಲೇಟೋ?

ಎಲ್ಲರಿಗೂ ನಮಸ್ಕಾರ.

ಕೊಲ್ಲೂರು ಕಡೆಯಿಂದ ಕೊಡಚಾದ್ರಿಗೆ ಜೀಪು ಓಡಿಸಲು ಹೊಸದಾಗಿ ಸೇರುವ ಹುಡುಗರಿಗೆಂದು ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಕ್ಲಚ್ಚಿನ ಪುಟಕ್ಕೆ ಬಂದವನು ಅಲ್ಲೇ ನಿಂತಿದ್ದೇನೆ. ತೊಡಕು ‘ಹಿಡಿ’ ಎಂಬ ಕ್ರಿಯಾಪದದ್ದು.

ಉಡುಪಿಯಲ್ಲಿ ಡ್ರೈವಿಂಗ್ ಕಲಿಸುವವರು “ಕ್ಲಚ್ ಹಿಡಿ, ಗೇರ್ ಹಾಕು, ನಿಧಾನ ಬಿಡು” ಅನ್ನುತ್ತಾರೆ. ಹಿಡಿ ಅಂದರೆ ಇಲ್ಲಿ ಪೆಡಲ್ ಒತ್ತು. ಅದೇ ಗಾಡಿ ಗ್ಯಾರೇಜಿಗೆ ಹೋದರೆ “ಕ್ಲಚ್ ಹಿಡಿಯುದೇ ಇಲ್ಲ ಮಾರಾಯ್ರೆ” ಅನ್ನುತ್ತಾರೆ. ಇಲ್ಲಿ ಹಿಡಿಯಬೇಕಾದದ್ದು ಚಕ್ರದ ಕಡೆಗೆ ಶಕ್ತಿ ದಾಟಿಸುವ, ಕ್ಲಚ್ಚಿನೊಳಗಿನ ಪ್ಲೇಟು. ಪೆಡಲ್ ಒತ್ತಿದಾಗ ಪ್ಲೇಟು, ಎಂಜಿನ್ನಿನ ಜತೆ ತಿರುಗುವ ಫ್ಲೈವೀಲನ್ನು ಬಿಡುತ್ತದೆ, ಪೆಡಲ್ ಬಿಟ್ಟಾಗ ಹಿಡಿಯುತ್ತದೆ. ಒಂದೇ ಪದ ನೇರ ವಿರುದ್ಧದ ಎರಡು ಕೆಲಸಕ್ಕೆ! ಮಾತಿನಲ್ಲಿ ಸಂದರ್ಭ ಕಾಯುತ್ತದೆ, ಬರಹದಲ್ಲಿ ಕಾಯುವುದಿಲ್ಲ. “ಕ್ಲಚ್ ಹಿಡಿದಿರುವಾಗಲೇ ಇಳಿಜಾರು ಇಳಿಯಿರಿ” ಎಂದು ನಾನು ಬರೆದು, ಓದಿದವನು ಪೆಡಲ್ ಒತ್ತಿಕೊಂಡು ಇಳಿದರೆ ಎಂಜಿನ್ನಿನ ತಡೆ ಪೂರ್ತಿ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹಾಗಾಗಿ ಕಾಲಿಗೆ ‘ಒತ್ತು, ಬಿಡು’ ಇಟ್ಟು, ‘ಹಿಡಿ’ಯನ್ನು ಪ್ಲೇಟಿಗಷ್ಟೇ ಮೀಸಲು ಮಾಡಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ಮುಂದಿನದರಲ್ಲಿ. ‘ಹಾಫ್ ಕ್ಲಚ್’ (ಪೆಡಲ್ ಅರ್ಧ ಮಾತ್ರ ಒತ್ತಿರುವುದು) ಎಲ್ಲರ ಬಾಯಲ್ಲಿರುವ ಮಾತು, ಅದನ್ನು ಬದಲಿಸುವ ಆಸೆ ನನಗಿಲ್ಲ. ಆದರೆ ಆಗ ಒಳಗೆ ಏನಾಗುತ್ತದೆ ಅನ್ನುವುದಕ್ಕೊಂದು ಕ್ರಿಯಾಪದ ಬೇಕು. ‘ಜಾರು’ ಬರೆದು ನೋಡಿದೆ. ಮಳೆಗಾಲದಲ್ಲಿ “ಗಾಡಿ ಜಾರಿತು” ಅಂದರೆ ಎಲ್ಲರಿಗೂ ಟಯರೇ ಕಣ್ಣಮುಂದೆ ಬರುವುದು. ಕೆಸರಿನಲ್ಲಿ ಚಕ್ರ ತಿರುಗುತ್ತದೆ, ಗಾಡಿ ಹೋಗುವುದಿಲ್ಲ. ಕ್ಲಚ್ಚಿನದಾದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರಕ್ಕೆ ಶಕ್ತಿ ಪೂರ್ತಿ ಮುಟ್ಟುವುದಿಲ್ಲ. ಎರಡನ್ನೂ ‘ಜಾರು’ ಅಂದರೆ ಹೊಸಬ ಯಾವುದನ್ನು ನೋಡಬೇಕು?

ಕಳೆದ ತಿಂಗಳು ಗ್ಯಾರೇಜೊಂದರಲ್ಲಿ ಬಿಚ್ಚಿಟ್ಟ ಪ್ಲೇಟು ನೋಡಿದೆ. ಅದರ ಮೈಗೆ ರಿವಿಟ್ಟು ಹೊಡೆದು ಕೂರಿಸಿದ, ಹಿಡಿತ ಕೊಡುವ ಲೈನಿಂಗ್ ಪದರ ರಿವಿಟ್ಟಿನ ಮಟ್ಟಕ್ಕೆ ಇಳಿದಿತ್ತು. ಉಳಿದಷ್ಟು ಕರಟಿ, ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಫ್ಲೈವೀಲಿನ ಮೈಮೇಲೆ ರಿವಿಟ್ಟು ಕೊರೆದ ಬಳೆಯಂಥ ಗೀರುಗಳು, ಕಾದು ಎದ್ದ ನೀಲಿ ಕಲೆಗಳು. “ತೇದು ತೇದು ಮುಗಿಸಿದ್ದಾರೆ” ಅಂದರು ಮೆಕ್ಯಾನಿಕ್. ಎಷ್ಟು ಸರಿಯಾದ ಮಾತು! ಗಂಧದ ಕೊರಡನ್ನು ಕಲ್ಲಿಗೆ ಒತ್ತಿ ತಿರುಗಿಸುವಾಗ ಆಗುವುದೂ ಇದೇ ತಾನೆ? ‘ಸವೆ’ಯುವುದು ತಾನಾಗಿ, ಕಾಲಕ್ರಮದಲ್ಲಿ. ‘ತೇಯು’ವುದಕ್ಕೆ ತೇಯುವವನೊಬ್ಬ ಬೇಕು. ಕ್ಲಚ್ ಎಷ್ಟು ಬಾಳುತ್ತದೆ ಅನ್ನುವುದು ಬಹುಮಟ್ಟಿಗೆ ಅವನ ಎಡಗಾಲಿನ ಚಾಳಿಗೆ ಬಿಟ್ಟದ್ದು.

ಈಗ ಕೈಪಿಡಿಯಲ್ಲಿ ಹೀಗಿದೆ: “ಏರಿನಲ್ಲಿ ನಿಲ್ಲಬೇಕಾದರೆ ಕ್ಲಚ್ ತೇಯಬೇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಕಲ್ಲು ಹತ್ತುವ ಮೊದಲೇ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರ್) ಹಾಕಿ. ಎಂಜಿನ್ ತನ್ನ ವೇಗದಲ್ಲೇ ತಿರುಗುತ್ತಿದ್ದರೂ ಚಕ್ರ ಸುಮಾರು ಎರಡೂವರೆ ಪಟ್ಟು ನಿಧಾನವಾಗುತ್ತದೆ, ತೇಯುವ ಪ್ರಮೇಯವೇ ಬರುವುದಿಲ್ಲ. ತೋಡು ದಾಟುವಾಗ ನೀರಿನ ನಡುವೆ ಪೆಡಲ್ ಒತ್ತಬೇಡಿ. ಪ್ಲೇಟಿನ ಸಂದಿಗೆ ನೀರು ನುಗ್ಗಿದರೆ ಹಿಡಿತ ಹೋಗುತ್ತದೆ.”

ಗೇರ್ ಬದಲಿಸದಿದ್ದರೂ ಪೆಡಲಿನ ಮೇಲೆ ಕಾಲು ಊರಿಕೊಂಡೇ ಓಡಿಸುವ ಅಭ್ಯಾಸಕ್ಕೆ ಪದ ಸಿಕ್ಕಿಲ್ಲ. ಪೆಡಲ್ ಒತ್ತಿದಾಗ ಪ್ಲೇಟನ್ನು ಬಿಡಿಸುವ ರಿಲೀಸ್ ಬೇರಿಂಗ್ ಹಾಳಾಗುವುದು ಹೆಚ್ಚಾಗಿ ಅದರಿಂದ. ಆಗುಂಬೆಯ 14 ತಿರುವುಗಳಲ್ಲಿ ದಿನಾ ಬಸ್ಸು ಹತ್ತಿಸುವವರು ಏನನ್ನುತ್ತಾರೆ? ಹೆಬ್ರಿ, ಸೋಮೇಶ್ವರ ಕಡೆಯವರು ಕೇಳಿ ತಿಳಿಸಿದರೆ ದೊಡ್ಡ ಉಪಕಾರ.

ಇನ್ನೊಂದು ಅಳುಕು. “ಗಂಧದ ಕೊರಡಿನ ಹಾಗೆ ಜೀವ ತೇದರು” ಎಂದು ನಾವು ಹೊಗಳುವಾಗ ಹೇಳುತ್ತೇವೆ. ಆ ಪದವನ್ನೇ ತಂದು “ಕ್ಲಚ್ ತೇಯಬೇಡಿ” ಅಂದರೆ ನಿಮ್ಮ ಕಿವಿಗೆ ಬೈಗುಳದ ಬಿಸಿ ತಟ್ಟುತ್ತದೆಯೇ?