ಉಣ್ಣಿ ಬಗ್ಗೆ ಓದಲು ಮಲೆನಾಡಿಗೇ ಹೋಗಬೇಕಾ?

ಚಿಂಚೋಳಿ ಹುಡುಗಿ:
ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಮಂಗನ ಕಾಯಿಲೆ ಹೇಗೆ ಹರಡುತ್ತದೆ ಅನ್ನೋದರ ಮೇಲೆ ಪ್ರಾಜೆಕ್ಟ್ ಮಾಡುವ ಆಸೆ. ಮನೆಯಲ್ಲಿ ಹೇಳಿದರೆ ಅಜ್ಜಿ ಮಂಗನಬಾವು ಅಂದುಕೊಂಡರು! ನಮ್ಮ ಕುಂಚಾವರಂ ಕಾಡಿನಲ್ಲೂ ಮಂಗಗಳಿವೆ, ದನ ಮೇಯುತ್ತವೆ. ಇಲ್ಲೇ ಮಾಡಬಹುದಾ, ಶಿವಮೊಗ್ಗಕ್ಕೇ ಹೋಗಬೇಕಾ?

ಯಾದಗಿರಿಯಿಂದ:
ಎರಡು ಬೇಸಿಗೆ ಸಾಗರದ ಕಡೆ ಉಣ್ಣಿ ಹಿಡಿಯುವ ಕೆಲಸ ಮಾಡಿ ಬಂದವನು ನಾನು. ಈ ಕಾಯಿಲೆ ಹರಡುವುದು ಉಣ್ಣಿಯಿಂದ, ಹಾಗಾಗಿ ಮಂಗನನ್ನು ಆಮೇಲೆ ನೋಡೋಣ, ಮೊದಲು ನೆಲ ನೋಡಿ. ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗುತ್ತಿದ್ದೆವು. ಹತ್ತು ಹೆಜ್ಜೆಗೊಮ್ಮೆ ತಿರುವಿ ಹಾಕಿದರೆ ಎಳ್ಳು ಉದುರಿಸಿದ ಹಾಗೆ ಕಾಣುತ್ತದೆ. ಸ್ವಲ್ಪ ತಡೆದರೆ ಎಳ್ಳು ನಡೆಯಲು ಶುರು ಮಾಡುತ್ತದೆ. ಅವೇ ಮರಿ ಉಣ್ಣಿ, ನಿಂಫ್. ಮನುಷ್ಯರಿಗೆ ಕಾಯಿಲೆ ದಾಟಿಸುವುದು ಜಾಸ್ತಿ ಇವೇ. ಡಿಸೆಂಬರ್‌ನಿಂದ ಮೇವರೆಗೆ ಇವುಗಳ ಕಾಲ. ಸೌದೆ, ದರಗು ತರಲು ಜನ ಕಾಡಿಗೆ ಹೋಗುವುದೂ ಆಗಲೇ ಅಲ್ವಾ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ಕಾಯಿಲೆಯ ವೈರಸ್ ಗೊತ್ತಾಯಿತು. ಮಂಗ ಸತ್ತರೆ ಮೈಮೇಲಿನ ಉಣ್ಣಿಗಳು ಉದುರಿ, ಬಿದ್ದ ಜಾಗವೇ ಅಪಾಯದ್ದಾಗುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣ್ಣಿಗಳು ಅದರ ರಕ್ತ ಕುಡಿದೇ ಸಂತತಿ ಬೆಳೆಸುತ್ತವೆ. ಅಲ್ಲಿನ ಮುಖ್ಯ ಉಣ್ಣಿ ಹೀಮಾಫೈಸಾಲಿಸ್ ಸ್ಪಿನಿಜೆರಾ. ನಿಮ್ಮ ಒಣ ಕಾಡಿನಲ್ಲಿ ಯಾವುದಿದೆ, ಯಾವ ತಿಂಗಳು ಎಷ್ಟು ಸಿಗುತ್ತದೆ? ಅದನ್ನೇ ಎಣಿಸಿ. ಸ್ಪಿನಿಜೆರಾ ಒಂದೂ ಸಿಗದಿದ್ದರೆ ಅದೂ ಬರೆದಿಡುವ ವಿಷಯವೇ. ವೈರಸ್ ಪರೀಕ್ಷೆ ಮಾತ್ರ ಕಾಲೇಜು ಲ್ಯಾಬ್‌ನಲ್ಲಿ ಬೇಡವೇ ಬೇಡ. ನಿಮ್ಮ ಕುಂಚಾವರಂ ಕಾಡು ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಮೊದಲು ತೆಗೆದುಕೊಳ್ಳಿ.

ಬೀದರ್ ಪಶುವೈದ್ಯ:
ದನದ ಮೈಯನ್ನೂ ಬಿಡಬೇಡಿ. ನಮ್ಮ ದೇವಣಿ ಹಸುಗಳ ಕೆಚ್ಚಲ ಸಂದಿ, ಬಾಲದ ಬುಡ ನೋಡಿ. ಸಿಕ್ಕ ಉಣ್ಣಿಯ ಕಾಲಿಗೆ ಬಿಳಿ ಪಟ್ಟೆ ಇದ್ದರೆ ಅದು ಹಯಲೋಮ ಜಾತಿಯದ್ದಿರಬಹುದು. ಭಾರತದಲ್ಲಿ ಮೊದಲ ಸಲ 2011ರಲ್ಲಿ ಗುಜರಾತ್‌ನಲ್ಲಿ ಪತ್ತೆಯಾದ ಕ್ರೈಮಿಯನ್-ಕಾಂಗೋ ಜ್ವರವನ್ನು ಹರಡುವುದು ಈ ಗುಂಪಿನ ಉಣ್ಣಿ. ನಮ್ಮ ಜನ ಉಣ್ಣಿ ಕಿತ್ತು ಉಗುರಿನಲ್ಲೇ ಹಿಸುಕುತ್ತಾರೆ. ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ನೀವು ಗ್ಲೌಸ್ ಹಾಕಿ, ಚಿಮಟದಲ್ಲಿ ತೆಗೆದು, ಸೀದಾ ಸ್ಪಿರಿಟ್ ಸೀಸೆಗೆ ಹಾಕಿ.

ಚಿಂಚೋಳಿ ಹುಡುಗಿ:
ತುಂಬಾ ಥ್ಯಾಂಕ್ಸ್. ಇಲ್ಲೇ ಮಾಡುತ್ತೇನೆ. ಫ್ಲಾನೆಲ್ ತರಲು ನಾಳೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗುತ್ತೇನೆ. ಎಷ್ಟು ಬೇಕು?

ಯಾದಗಿರಿಯಿಂದ:
ಒಂದು ಮೀಟರ್ ಸಾಕು. ಕೆಳಗಿನ ಅಂಚಿಗೆ ಸಣ್ಣ ಸರಪಳಿ ಹೊಲಿಸಿ, ಇಲ್ಲದಿದ್ದರೆ ಗಾಳಿಗೆ ಏಳುತ್ತದೆ. ಪ್ಯಾಂಟ್ ತುದಿ ಸಾಕ್ಸ್ ಒಳಗಿರಲಿ.